ಬಿಕ್ಕಲಂ ಹಾಕದೆ ಬರೆಯುವುದಿಲ್ಲ

ಅಂತರ್ಜಾಲದ ವಿಶ್ವಕೋಶದಲ್ಲಿ ನನ್ನ ಸದಸ್ಯ ಪುಟದ ಮೊದಲ ಸಾಲು ಹೀಗಿದೆ: "ನಾನು ಕೆಲವು ಲೇಖನಗಳಿಗೆ ಹಣ ಪಡೆದು ಕೆಲಸ ಮಾಡುತ್ತೇನೆ. ಯಾರಿಂದ, ಯಾವ ಲೇಖನಕ್ಕೆ, ಯಾವ ದಿನದಿಂದ ಎಂಬುದು ಕೆಳಗಿದೆ." ಅದರ ಕೆಳಗೆ ಪಟ್ಟಿ ಇದೆ. ಈ ಸಾಲನ್ನು ತೆಗೆದುಹಾಕು ಎಂದು ಈವರೆಗೆ ನನಗೆ ಹೇಳಿದವರು ಏಳು ಜನ. ಏಳು ಸಲದ ದಿನಾಂಕವೂ ನನ್ನ ದಿನಚರಿಯಲ್ಲಿದೆ. ಮೂವರು ನನ್ನ ಒಳಿತಿಗೆ ಹೇಳಿದರು, ನಾಲ್ವರು ತಮ್ಮ ಒಳಿತಿಗೆ. ಸಾಲು ಇನ್ನೂ ಅಲ್ಲೇ ಇದೆ.

ನಮ್ಮೂರು ಮದ್ದೂರು. ಅಪ್ಪ ಪತ್ರ ಬರಹಗಾರರು. ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ ತಗಡಿನ ಮಾಡಿನ ಕೆಳಗೆ ಅವರದೊಂದು ಮೇಜು, ಎರಡು ಬೆಂಚು, ಹಳೆಯ ಕಂಪ್ಯೂಟರ್. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಸುವವರು ಬೆಳಗ್ಗೆ ಹತ್ತಕ್ಕೆಲ್ಲ ಬಂದು ಕೂರುತ್ತಾರೆ. ಡಿಗ್ರಿ ಮುಗಿಸಿದ ಮೇಲೆ ನಾಲ್ಕು ವರ್ಷ ನಾನು ಅಲ್ಲಿ ಟೈಪ್ ಮಾಡಿದೆ. ಒಟ್ಟು ಆರುನೂರ ಹದಿನೆಂಟು ಪತ್ರ. ಎಣಿಸುವುದು ನನ್ನ ಚಟ. ಕರೆಂಟು ತಿಂಗಳಿಗೆ ಎಷ್ಟು ಸಲ ಹೋಯಿತು, ಮಳವಳ್ಳಿ ಬಸ್ಸು ಎಷ್ಟು ನಿಮಿಷ ತಡ, ಅಪ್ಪ ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿದರು ಎಂಬುದನ್ನೂ ಬರೆದಿಟ್ಟಿದ್ದೇನೆ. ಅಮ್ಮ ಇದನ್ನು ಕಾಯಿಲೆ ಎನ್ನುತ್ತಾಳೆ.

ಆ ತಗಡಿನ ಮಾಡಿನ ಕೆಳಗೆ ನಾನು ಕಲಿತದ್ದು ಮೂರು ಪಾಠ. ಮೊದಲನೆಯದು ಚೆಕ್ಕುಬಂದಿ. ಜಮೀನು ಎಷ್ಟೇ ಚಿಕ್ಕದಿರಲಿ, ಅದರ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆ ಏನಿದೆ ಎಂದು ಪತ್ರದಲ್ಲಿ ಬರೆಯಲೇಬೇಕು. ಮೂರು ದಿಕ್ಕು ಬರೆದು ಒಂದನ್ನು ಬಿಟ್ಟರೆ ನಾಳೆ ಜಗಳ ಶುರುವಾಗುವುದು ಆ ಬಿಟ್ಟ ದಿಕ್ಕಿನಿಂದಲೇ. ಎರಡನೆಯದು ಓದಿ ಹೇಳುವುದು. ಸಹಿ ಬೀಳುವ ಮೊದಲು ಅಪ್ಪ ಇಡೀ ಪತ್ರವನ್ನು ಎರಡೂ ಕಡೆಯವರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಹೆಬ್ಬೆಟ್ಟು ಒತ್ತುವವರಿದ್ದರೆ ಎರಡು ಸಲ. ಮೂರನೆಯದು ಬಿಕ್ಕಲಂ. ಪತ್ರದ ಕೊನೆಯಲ್ಲಿ, ಸಾಕ್ಷಿಗಳ ಸಹಿಯ ಕೆಳಗೆ, ಅದನ್ನು ಬರೆದವನು ತನ್ನ ಹೆಸರು, ಊರು, ಪರವಾನಗಿ ಸಂಖ್ಯೆ ಹಾಕಿ ಸಹಿ ಮಾಡುವ ಜಾಗ ಅದು. ಆಸ್ತಿ ಅವನದಲ್ಲ, ವ್ಯವಹಾರವೂ ಅವನದಲ್ಲ, ಆದರೆ ಬರೆದ ಕೈ ಯಾರದು ಎಂಬುದು ಗೊತ್ತಿರಬೇಕು.

ವಿಶ್ವಕೋಶಕ್ಕೆ ನಾನು ಬಂದದ್ದು ಇದರ ನಡುವೆ, ಬಿಡುವಿನಲ್ಲಿ, ಬಿಟ್ಟಿಯಾಗಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬ ಆ ಜಾಗ ನನಗೆ ಹಿಡಿಸಿತು. ಮೊದಲು ಕೈಹಾಕಿದ್ದು ಕೊಕ್ಕರೆ ಬೆಳ್ಳೂರಿನ ಲೇಖನಕ್ಕೆ. ಎರಡು ಭಾನುವಾರ ಬೆಳ್ಳೂರಿಗೆ ಹೋಗಿ, ಹುಣಸೆ ಮರಗಳ ಕೆಳಗೆ ಕತ್ತೆತ್ತಿ ನಿಂತು, ಬೀದಿ ಬೀದಿಯ ಗೂಡು ಎಣಿಸಿ ಬಂದೆ. ಹಿಕ್ಕೆ ಬಿದ್ದ ನೋಟ್‌ಬುಕ್ ಇನ್ನೂ ಇದೆ. ಆ ಲೆಕ್ಕವನ್ನು ಲೇಖನದಲ್ಲಿ ಹಾಕಿದ ನಾಲ್ಕನೇ ಗಂಟೆಗೆ ಯಾರೋ ತೆಗೆದುಹಾಕಿದರು. ಕಾರಣ ಒಂದೇ ಸಾಲು: ಸ್ವಂತ ಎಣಿಕೆ ಆಧಾರವಾಗುವುದಿಲ್ಲ, ಬೇರೆಯವರು ಅಚ್ಚು ಮಾಡಿದ ಆಧಾರ ಕೊಡಿ. ನಾನು ಕಣ್ಣಾರೆ ಕಂಡದ್ದನ್ನು ನಾನೇ ಬರೆಯುವಂತಿಲ್ಲ ಎಂಬುದು ಮೊದಲು ಅವಮಾನ ಅನ್ನಿಸಿತು. ಒಂದು ವಾರ ಬಿಟ್ಟು ಯೋಚಿಸಿದಾಗ ಸರಿ ಅನ್ನಿಸಿತು. ಎಲ್ಲರೂ ತಾವು ಎಣಿಸಿದ್ದನ್ನು ಬರೆಯುತ್ತಾ ಹೋದರೆ ಸುಳ್ಳು ಎಣಿಸುವವನೂ ಬರೆಯುತ್ತಾನೆ.

ಹೀಗೆ ಮೂರು ವರ್ಷ ಬರೆದೆ. ಕೆರೆ, ಕಬ್ಬು, ಸಾವಯವ ಬೆಲ್ಲ, ಶಿವನಸಮುದ್ರದ ಹಳೆಯ ವಿದ್ಯುತ್ ಸ್ಥಾವರ, ಕಸ ಬೇರ್ಪಡಿಸುವ ಬಗೆ, ಹೀಗೆ ಸುಸ್ಥಿರತೆ ಎಂಬ ಗುಂಪಿನ ಕೆಳಗೆ ಬರುವ ಲೇಖನಗಳೇ ಹೆಚ್ಚು. ಒಟ್ಟು ಮುನ್ನೂರ ನಲವತ್ತು ತಿದ್ದುಪಡಿ. ಉಳಿದದ್ದು ಇನ್ನೂರ ತೊಂಬತ್ತೊಂದು.

ಹೋದ ವರ್ಷ ಆಷಾಢದಲ್ಲಿ, ನೋಂದಣಿಗೆ ಜನ ಕಡಿಮೆ ಇದ್ದ ಒಂದು ಸೋಮವಾರ, ಸೋಮನಹಳ್ಳಿಯ ಕಡೆಯ ಒಬ್ಬ ಕಾರ್ಖಾನೆ ಮಾಲೀಕರು ಅಪ್ಪನ ಮೇಜಿಗೆ ಬಂದರು. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಅರೆದು, ಅಚ್ಚಿನಲ್ಲಿ ಒತ್ತಿ, ಊಟದ ತಟ್ಟೆ ಮಾಡುವ ಕಾರ್ಖಾನೆ ಅವರದು. ಆ ಜಾಗದ ಕ್ರಯಪತ್ರ ಬರೆದದ್ದು ಅಪ್ಪನೇ ಎಂದು ನೆನಪಿಸಿದರು. ನನ್ನ ಬರವಣಿಗೆ ನೋಡಿದ್ದರು. ಪ್ಲಾಸ್ಟಿಕ್ ತಟ್ಟೆ ಹೋಗಿ ಇಂಥ ತಟ್ಟೆ ಬರುತ್ತಿದೆ, ಜನ ಮೊದಲು ಫೋನಿನಲ್ಲಿ ಹುಡುಕುತ್ತಾರೆ, ಹುಡುಕಿದರೆ ನಮ್ಮ ಬಗ್ಗೆ ಒಂದಕ್ಷರ ಇಲ್ಲ ಎಂಬುದು ಅವರ ಕೊರಗು. ತಿಂಗಳ ಸಂಬಳ ಕೊಡುತ್ತೇನೆ, ನಮ್ಮ ತಟ್ಟೆಯ ಬಗ್ಗೆಯೂ ನಮ್ಮ ಕಾರ್ಖಾನೆಯ ಬಗ್ಗೆಯೂ ಬರೆ ಎಂದರು. ಟೈಪಿಂಗ್‌ಗಿಂತ ಒಳ್ಳೆಯ ಕೆಲಸ. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ತಪ್ಪು ಮಾಡಿದ್ದು ಆಮೇಲೆ. ಹಣ ಪಡೆದು ಬರೆಯುವವರು ಅದನ್ನು ಮೊದಲೇ ಹೇಳಬೇಕು, ಲೇಖನವನ್ನು ತಾವೇ ತಿದ್ದಬಾರದು, ಲೇಖನದ ಜೊತೆಗಿರುವ ಚರ್ಚೆ ಪುಟದಲ್ಲಿ ಕರಡು ಇಟ್ಟು ಹಣ ಪಡೆಯದ ಇನ್ನೊಬ್ಬರು ನೋಡಿ ಸೇರಿಸುವವರೆಗೆ ಕಾಯಬೇಕು. ಇದು ವಿಶ್ವಕೋಶದ ನಿಯಮ, ನನಗೆ ಗೊತ್ತಿತ್ತು. ಆದರೂ ಮೊದಲ ವಾರದಲ್ಲೇ, ತಟ್ಟೆಗಳ ಬಗೆಗಿನ ಲೇಖನಕ್ಕೆ ಆ ಕಾರ್ಖಾನೆಯ ಹೆಸರಿರುವ ಒಂದು ವಾಕ್ಯವನ್ನು ನಾನೇ ಸೇರಿಸಿಬಿಟ್ಟೆ. ಒಂದೇ ವಾಕ್ಯ, ಅದೂ ನಿಜವಾದದ್ದು, ಹೇಳಿಕೊಳ್ಳುವುದು ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಹನ್ನೊಂದನೇ ದಿನ ನನ್ನ ಚರ್ಚೆ ಪುಟದಲ್ಲಿ ಒಬ್ಬ ಸದಸ್ಯರು ಕೇಳಿದರು: "ನೀವು ಈ ಸಂಸ್ಥೆಯಿಂದ ಹಣ ಪಡೆಯುತ್ತಿದ್ದೀರಾ?" ಅವರು ಯಾವ ಊರಿನವರೋ, ಗಂಡೋ ಹೆಣ್ಣೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆಳ್ಳೂರಿನ ಗೂಡಿನ ಲೆಕ್ಕ ತೆಗೆದವರು ಅವರೇ.

ಆ ಪ್ರಶ್ನೆಯನ್ನು ಇಡೀ ಮಧ್ಯಾಹ್ನ ನೋಡುತ್ತಾ ಕೂತಿದ್ದೆ. ಇಲ್ಲ ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಪಕ್ಕದಲ್ಲೇ ಒಂದು ವಿಭಾಗಪತ್ರಕ್ಕೆ ಸಹಿ ಹಾಕುತ್ತಿದ್ದರು. ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು.

"ಮೂವತ್ತು ವರ್ಷದಿಂದ ಕಾಸು ಇಸ್ಕೊಂಡೇ ಬರೀತಿದ್ದೀನಿ ಮಗಾ. ಯಾವನೂ ನನ್ನ ಕಳ್ಳ ಅಂದಿಲ್ಲ. ಯಾಕೇಳು? ಕೆಳಗಡೆ ಬಿಕ್ಕಲಂ ಹಾಕ್ತೀನಿ. ನೀನು ಹಾಕಿಲ್ಲ. ಹೋಗಿ ಹಾಕು."

ಅಷ್ಟೇ ಹೇಳಿ ಮತ್ತೆ ಪತ್ರಕ್ಕೆ ಬಗ್ಗಿದರು. ನಾನು ಹೌದು ಎಂದು ಉತ್ತರ ಬರೆದೆ. ನಾನು ಸೇರಿಸಿದ ವಾಕ್ಯವನ್ನು ನಾನೇ ತೆಗೆದೆ. ಸದಸ್ಯ ಪುಟದಲ್ಲಿ ಈಗಿರುವ ಸಾಲು ಬಂದದ್ದು ಆ ದಿನ, ಸಂಜೆ ಐದೂ ಹತ್ತಕ್ಕೆ.

ಅದರ ಬೆಲೆ ತೆರಬೇಕಾಯಿತು. ಆ ಸದಸ್ಯರು ನನ್ನ ಮುನ್ನೂರ ನಲವತ್ತು ತಿದ್ದುಪಡಿಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದರು. ಐದು ವಾರ ಹಿಡಿಯಿತು. ಆರು ಕಡೆ ತಪ್ಪು ಸಿಕ್ಕಿತು, ಎಲ್ಲವೂ ಆಧಾರದ ಪುಟಸಂಖ್ಯೆಯವು. ಬಿಟ್ಟಿ ಬರೆಯುವ ನನ್ನ ಗೆಳೆಯರ ಫೋನ್ ಗುಂಪಿನಲ್ಲಿ ಒಬ್ಬರು ನನ್ನನ್ನು ಬಾಡಿಗೆ ಲೇಖನಿ ಎಂದು ಕರೆದರು, ಇನ್ನಿಬ್ಬರು ನಕ್ಕ ಮುಖ ಹಾಕಿದರು. ನಾನು ಅಲ್ಲೇ ಉತ್ತರ ಕೊಟ್ಟೆ: ಬಾಡಿಗೆಗೆ ಹೋಗುವ ಗಾಡಿಯೂ ದಾರಿಯಲ್ಲೇ ಹೋಗಬೇಕು, ಸ್ವಂತದ ಗಾಡಿಯೂ ದಾರಿಯಲ್ಲೇ ಹೋಗಬೇಕು, ನಾನು ದಾರಿ ಬಿಟ್ಟಿದ್ದರೆ ತೋರಿಸಿ. ಯಾರೂ ತೋರಿಸಲಿಲ್ಲ. ಗುಂಪಿನಿಂದ ನಾನು ಹೊರಗೆ ಬರಲೂ ಇಲ್ಲ.

ಮಾಲೀಕರಿಗೆ ಈ ಸಾಲು ಸುತರಾಂ ಹಿಡಿಸಲಿಲ್ಲ. ಹಣ ತೆಗೆದುಕೊಂಡಿದ್ದೇನೆ ಎಂದು ಹಣೆ ಮೇಲೆ ಬರೆದುಕೊಂಡು ಹೋದರೆ ಯಾರು ನಂಬುತ್ತಾರೆ ಎಂದರು. ಹೇಳದೆ ಬರೆದು ಸಿಕ್ಕಿಬಿದ್ದರೆ ಯಾರೂ ನಂಬುವುದಿಲ್ಲ ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ಇನ್ನು ಕಾರ್ಖಾನೆಯ ಲೇಖನದ ಕರಡು ಬರೆಯಬೇಕಿತ್ತು. ನನ್ನ ಕೆಲಸವೂ ಸಂಬಳವೂ ಆ ಕರಡಿನ ಮೇಲೆ ನಿಂತಿತ್ತು.

ನಾನು ಅದನ್ನು ಚೆಕ್ಕುಬಂದಿಯಂತೆ ಬರೆಯಲು ಹೊರಟೆ. ನೋಟ್‌ಬುಕ್ಕಿನ ಪುಟವನ್ನು ನಾಲ್ಕು ಭಾಗ ಮಾಡಿ, ಸಿಪ್ಪೆ ಎಲ್ಲಿಂದ ಬರುತ್ತದೆ, ಯಾರು ಕೆಲಸ ಮಾಡುತ್ತಾರೆ, ತಯಾರಾದದ್ದು ಎಲ್ಲಿಗೆ ಹೋಗುತ್ತದೆ, ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ನಾಲ್ಕು ತಲೆಬರಹ ಹಾಕಿದೆ. ಮೊದಲ ಮೂರಕ್ಕೆ ಮಾಲೀಕರು ಕಾಗದ, ಫೋಟೊ, ಪತ್ರಿಕೆಯ ವರದಿಗಳನ್ನು ಧಾರಾಳವಾಗಿ ಕೊಟ್ಟರು. ನಾಲ್ಕನೆಯದಕ್ಕೆ ನೀರು ತೊಟ್ಟಿಯಲ್ಲೇ ಸುತ್ತುತ್ತದೆ, ಹೊರಗೆ ಹೋಗುವುದೇ ಇಲ್ಲ ಎಂದರು.

ನಾನು ಆ ತಟ್ಟೆಗಳ ವಿರೋಧಿಯಲ್ಲ. ಕಾರ್ಖಾನೆಯ ಒಳಗೆ ಮೂರು ದಿನ ನಿಂತು ನೋಡಿದ್ದೇನೆ. ತೊಟ್ಟಿಯಲ್ಲಿ ಸಿಪ್ಪೆ ಹಿಟ್ಟಿನಂತೆ ಕದಡುತ್ತದೆ, ಅಚ್ಚು ಇಳಿದು ಏಳುತ್ತದೆ, ಬಿಸಿ ತಟ್ಟೆ ಹೊರಗೆ ಬೀಳುತ್ತದೆ. ಒಂದು ಪಾಳಿಯಲ್ಲಿ ಇಪ್ಪತ್ತಾರು ಹೆಂಗಸರು ಅಂಚು ಕತ್ತರಿಸಿ ಜೋಡಿಸುತ್ತಾರೆ. ಒಲೆಗೆ ಹೋಗುತ್ತಿದ್ದ ಸಿಪ್ಪೆ ತಟ್ಟೆಯಾಗುವುದು ಒಳ್ಳೆಯದೇ. ಆದರೆ ಮೂರನೇ ದಿನ ಊಟದ ಹೊತ್ತಿನಲ್ಲಿ ನಾನು ಕಾಂಪೌಂಡಿನ ಸುತ್ತ ಒಂದು ಸುತ್ತು ನಡೆದೆ. ಪತ್ರ ಬರೆಯುವವರ ಮಗಳಿಗೆ ನಾಲ್ಕು ದಿಕ್ಕೂ ನೋಡದೆ ಊಟ ಇಳಿಯುವುದಿಲ್ಲ. ದಕ್ಷಿಣದ ಗೋಡೆಯ ಬುಡದಲ್ಲಿ ಒಂದು ಪೈಪು ಇತ್ತು. ಅದರಿಂದ ಬೂದು ಬಣ್ಣದ ನೀರು ಹಳ್ಳಕ್ಕೆ ಬೀಳುತ್ತಿತ್ತು. ಬಿದ್ದಲ್ಲಿ ನೊರೆ ಕಟ್ಟಿತ್ತು.

ಹಳ್ಳದ ಆಚೆ ದಡದಲ್ಲಿ ಎರಡು ಎಮ್ಮೆ ಹಿಡಿದುಕೊಂಡು ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ನಾನು ನೋಟ್‌ಬುಕ್ ತೆಗೆದದ್ದನ್ನು ನೋಡಿ ಯಾರ ಮಗಳು ಎಂದು ವಿಚಾರಿಸಿದರು. ಹೇಳಿದೆ. ತಮ್ಮ ಹಿಡುವಳಿ ಹಳ್ಳದ ಪಕ್ಕದಲ್ಲೇ ಇದೆ ಎಂದೂ, ಮೊದಲು ಎಮ್ಮೆ ಇಲ್ಲೇ ನೀರು ಕುಡಿಯುತ್ತಿದ್ದವು, ಈಗ ಮೇಲಿನ ಬೋರಿನವರೆಗೆ ಹೊಡೆದುಕೊಂಡು ಹೋಗಬೇಕು ಎಂದೂ ಹೇಳಿದರು. ಆಮೇಲೆ ನನ್ನ ಪುಸ್ತಕದ ಕಡೆ ಗದ್ದ ಚಾಚಿದರು.

"ಬರ್ಕೊಂಡೋದೋರು ಬೇಜಾನ್ ಜನ ಕಣವ್ವ. ನೊರೆ ಅಂಗೇ ಅದೆ."

ಕಾರ್ಖಾನೆಯ ಮುಂದೆ ಪರಿಸರಸ್ನೇಹಿ ಎಂಬ ಹಸಿರು ಬೋರ್ಡು ಇದೆಯಲ್ಲ ಎಂದೆ. ಅವರು ಎಮ್ಮೆಯ ಬೆನ್ನು ತಟ್ಟಿದರು.

"ಇದ್ಕೆ ಓದಕ್ ಬರಾಕಿಲ್ಲ. ಬಂದಿದ್ರೆ ಬೋರ್ಡ್ ನೋಡ್ಕೊಂಡು ಕುಡೀತಿತ್ತು ಬುಡು."

ನಾನು ಕಂಡಿದ್ದೆ, ಅವರು ಹೇಳಿದ್ದರು. ಆದರೂ ಬರೆಯುವಂತಿರಲಿಲ್ಲ. ಬೆಳ್ಳೂರಿನ ಗೂಡುಗಳ ಪಾಠ ಇಲ್ಲಿಯೂ ಅದೇ: ಅಚ್ಚಾದ ಆಧಾರ ಬೇಕು. ಮಾರನೇ ವಾರ ಮಂಡ್ಯಕ್ಕೆ ನಾಲ್ಕು ದಿನ ಹೋಗಿ ಗ್ರಂಥಾಲಯದಲ್ಲಿ ಜಿಲ್ಲೆಯ ದಿನಪತ್ರಿಕೆಗಳ ಹಳೆಯ ಕಟ್ಟು ಬಿಚ್ಚಿದೆ. ಧೂಳಿಗೆ ಮೊದಲ ದಿನವೇ ಗಂಟಲು ಕಟ್ಟಿತು. ಮೂರನೇ ದಿನ ಮಧ್ಯಾಹ್ನ ಒಳಪುಟದ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಸಿಕ್ಕಿತು. ಹಳ್ಳದ ನೀರು ಕೆಡುತ್ತಿದೆ ಎಂದು ಪಕ್ಕದ ಹಿಡುವಳಿದಾರರು ತಾಲ್ಲೂಕು ಕಚೇರಿಗೆ ಮನವಿ ಕೊಟ್ಟಿದ್ದರು. ನೀರು ತಿಳಿಗೊಳಿಸುವ ತೊಟ್ಟಿ ಕಟ್ಟಿಸುವುದಾಗಿ ಕಾರ್ಖಾನೆಯವರು ಹೇಳಿದ್ದರು. ನಾಲ್ಕನೇ ದಿನ ಇನ್ನೊಂದು ಪತ್ರಿಕೆಯಲ್ಲಿ ಅದೇ ಸುದ್ದಿ ಸಿಕ್ಕಿತು, ಸ್ವಲ್ಪ ಉದ್ದಕ್ಕೆ. ಎರಡು ಆಧಾರ ಸಾಕು.

ಕರಡಿನಲ್ಲಿ ನಾಲ್ಕನೇ ಭಾಗವನ್ನು ಎರಡೇ ವಾಕ್ಯದಲ್ಲಿ ಬರೆದೆ. ಕಾರ್ಖಾನೆಯ ನೀರು ದಕ್ಷಿಣದ ಹಳ್ಳಕ್ಕೆ ಸೇರಿ ನೀರು ಕೆಡುತ್ತಿದೆ ಎಂದು ಅಕ್ಕಪಕ್ಕದವರು ಮನವಿ ಸಲ್ಲಿಸಿದ್ದಾರೆ. ತೊಟ್ಟಿ ಕಟ್ಟಿಸುವುದಾಗಿ ಕಾರ್ಖಾನೆ ತಿಳಿಸಿದೆ. ಅಷ್ಟೆ. ನಾನು ಕಂಡ ನೊರೆಯಾಗಲೀ ಎಮ್ಮೆಯಾಗಲೀ ಅದರಲ್ಲಿರಲಿಲ್ಲ.

ಫೋನಿನಲ್ಲಿ ಹೇಳಿದಾಗ ಮಾಲೀಕರು ಹಳ್ಳವೇ ಇಲ್ಲ ಎಂದರು. ಅಲ್ಲಿರುವುದು ಮಳೆನೀರಿಗೆ ತಾವೇ ತೋಡಿಸಿದ ಚರಂಡಿ, ತಮ್ಮ ಜಾಗದ ಒಳಗೆ ತಮ್ಮ ಚರಂಡಿಗೆ ನೀರು ಬಿಟ್ಟರೆ ಯಾರಿಗೇನು ಎಂದರು. ಪತ್ರಿಕೆಯವರಿಗೆ ಏನು ಗೊತ್ತು ಎಂದೂ ಕೇಳಿದರು. ಕರಡನ್ನು ಓದಿ ಹೇಳಲು ಶುಕ್ರವಾರ ಬರುತ್ತೇನೆ ಎಂದು ಫೋನ್ ಇಟ್ಟೆ.

ಆಗ ಕಾರ್ಖಾನೆ ಜಾಗಕ್ಕೆ ಅಪ್ಪ ಬರೆದಿದ್ದ ಕ್ರಯಪತ್ರ ನೆನಪಾಯಿತು. ಅಪ್ಪ ಬರೆದ ಎಲ್ಲ ಪತ್ರಗಳ ಕರಡು ಮನೆಯ ಬೀರುವಿನಲ್ಲಿ ವರ್ಷದ ಪ್ರಕಾರ ಕಟ್ಟಿಟ್ಟಿವೆ. ಬೀಗದ ಕೈ ಕೇಳಿದೆ. ಅಪ್ಪ ಕೊಡಲಿಲ್ಲ. "ಅದು ಅವ್ರು ಬರೆಸಿದ್ ಪತ್ರ. ನನ್ನ ಬೀರುವಿಂದ ತೆಗ್ದು ಅವ್ರ ಮೇಲೆ ಎತ್ತಕ್ಕೆ ಕೊಡಲ್ಲ. ನೋಂದಣಿ ಆಗಿರೋ ಪತ್ರ ತಾನೆ? ಕಚೇರೀಲಿ ಅರ್ಜಿ ಹಾಕು. ಎಲ್ರಿಗೂ ಕೊಡೋ ಹಂಗೆ ನಿಂಗೂ ಕೊಡ್ತಾರೆ." ಬೀರು ನಾನು ಕೂತಿದ್ದ ಜಾಗದಿಂದ ಆರು ಹೆಜ್ಜೆ. ಆದರೂ ಎದುರಿನ ಕಚೇರಿಯ ಸಾಲಿನಲ್ಲಿ ನಿಂತು, ಅರ್ಜಿ ಕೊಟ್ಟು, ಮೂರು ಸಲ ಹೋಗಿ ಬಂದು ದೃಢೀಕೃತ ನಕಲು ತೆಗೆದುಕೊಂಡೆ. ಮೊದಲ ದಿನ ಸಿಟ್ಟು ಬಂದಿತ್ತು. ನಕಲು ಕೈಗೆ ಬಂದ ದಿನ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಮಾಲೀಕರ ಕೊಠಡಿಯಲ್ಲಿ ಕರಡನ್ನು ಗಟ್ಟಿಯಾಗಿ ಓದಿದೆ. ಮೊದಲ ಮೂರು ಭಾಗಕ್ಕೆ ಅವರು ತಲೆಯಾಡಿಸಿದರು, ಹೆಂಗಸರ ಸಂಖ್ಯೆ ಬಂದಾಗ ಖುಷಿಯಾದರು, ನನಗೂ ಟೀ ತರಿಸಿದರು. ನಾಲ್ಕನೇ ಭಾಗ ಓದಿದಾಗ ತಮ್ಮ ಟೀ ಲೋಟ ಪಕ್ಕಕ್ಕಿಟ್ಟರು.

"ಮೂರು ಸಾಕು. ಅದೊಂದು ಬುಡು."

ಬಿಡಲಾಗುವುದಿಲ್ಲ ಎಂದೆ. ಬೇಕಾದರೆ ಲೇಖನವೇ ಬೇಡ ಎಂದು ಹೇಳಿ, ನಾನು ಎದ್ದು ಹೋಗುತ್ತೇನೆ, ಆದರೆ ನನ್ನ ಬಿಕ್ಕಲಂ ಇರುವ ಕರಡಿನಲ್ಲಿ ಮೂರೇ ದಿಕ್ಕು ಇರುವುದಿಲ್ಲ ಎಂದೆ. ಅವರು ನಗಾಡಿದರು.

"ಕಾಸು ಕೊಡೋನು ನಾನು ಕಣಮ್ಮ. ಹಳ್ಳ ಅಲ್ಲ."

"ಕಾಸು ಕೊಟ್ರಿ ಅಂತ ಹಳ್ಳ ಚರಂಡಿ ಆಗಲ್ಲ ಸಾರ್" ಎಂದು ನಕಲನ್ನು ಮೇಜಿನ ಮೇಲಿಟ್ಟು ಚೆಕ್ಕುಬಂದಿಯ ಮೇಲೆ ಬೆರಳಿಟ್ಟೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ತೆಂಗಿನ ತೋಟ, ಉತ್ತರಕ್ಕೆ ಖಾಲಿ ಹಿಡುವಳಿ, ದಕ್ಷಿಣಕ್ಕೆ ಸರ್ಕಾರಿ ಹಳ್ಳ. ಅದರ ಕೆಳಗೆ ಅವರದೇ ಸಹಿ. ಅದರ ಕೆಳಗೆ ಬಿಕ್ಕಲಂ, ಅಪ್ಪನ ದುಂಡು ಅಕ್ಷರ.

ಇದನ್ನು ಲೇಖನಕ್ಕೆ ಆಧಾರವಾಗಿ ಕೊಡಲಾಗದು, ಕೊಡುವುದೂ ಇಲ್ಲ, ಹಳ್ಳ ಇಲ್ಲ ಎಂದು ನೀವು ನನಗೆ ಹೇಳಿದ್ದಕ್ಕೆ ಮಾತ್ರ ತಂದಿದ್ದೇನೆ ಎಂದೆ. ಅವರು ತಮ್ಮ ಸಹಿಯವರೆಗೂ ಓದಿದರು. ಆಮೇಲೆ ಅದನ್ನು ನನ್ನ ಕಡೆ ತಳ್ಳಿ, ಇವತ್ತಿಗೆ ನಿನ್ನ ಕೆಲಸ ಮುಗಿಯಿತು ಎಂದರು. ನಿಮ್ಮಪ್ಪನ ಹತ್ತಿರವೂ ಇನ್ನು ಮೇಲೆ ಒಂದು ಪತ್ರ ಬರೆಸುವುದಿಲ್ಲ, ನಮ್ಮವರನ್ನೂ ಕಳಿಸುವುದಿಲ್ಲ ಎಂದರು. ನಾನು ಟೀ ಪೂರ್ತಿ ಕುಡಿದು ಎದ್ದೆ. ಬಿಟ್ಟು ಬಂದಿದ್ದರೆ ಹೆದರಿದಂತೆ ಆಗುತ್ತಿತ್ತು.

ಬಸ್ಸಿನಲ್ಲಿ ಅವತ್ತು ನಾನು ಏನನ್ನೂ ಎಣಿಸಲಿಲ್ಲ. ನನ್ನ ಕೆಲಸ ಹೋದದ್ದು ಸರಿ, ಅಪ್ಪನ ಕೆಲಸಕ್ಕೂ ಕಲ್ಲು ಹಾಕಿದ್ದೆ. ಕಚೇರಿಯ ಎದುರು ಇಳಿದು ಎಲ್ಲವನ್ನೂ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಓದಿ ಹೇಳ್ದೆ ತಾನೆ?" ಹೂಂ ಎಂದೆ. "ಹಂಗಾರೆ ಇನ್ನೇನು. ಕೂತ್ಕೊ, ಈ ದಾನಪತ್ರ ಟೈಪ್ ಮಾಡು."

ಆ ದಿನವೇ ನನ್ನ ಸದಸ್ಯ ಪುಟದ ಪಟ್ಟಿಯಲ್ಲಿ ಕೆಲಸ ಮುಗಿದ ದಿನಾಂಕ ಬರೆದೆ. ಮುಂದೆ ಏನು ಮಾಡಬೇಕೆಂದು ಒಂದು ವಾರ ಯೋಚಿಸಿದೆ. ಹಣ ನಿಂತಿದೆ, ಈಗ ನೀನು ಸ್ವತಂತ್ರಳು, ನೀನೇ ಲೇಖನ ಬರೆದುಬಿಡು ಎಂದು ನನ್ನನ್ನು ಬಾಡಿಗೆ ಲೇಖನಿ ಎಂದಿದ್ದವರೇ ಈಗ ಹುರಿದುಂಬಿಸಿದರು. ಅದು ನನಗೆ ಮೊದಲಿನ ಬೈಗುಳಕ್ಕಿಂತ ಕೆಟ್ಟದಾಗಿ ಕಂಡಿತು. ನಿನ್ನೆ ಹಣ ಪಡೆದವಳು ಇವತ್ತು ಸಿಟ್ಟಿನಲ್ಲಿದ್ದಾಳೆ. ಸಿಟ್ಟೂ ಒಂದು ಸಂಬಳವೇ. ಕರಡನ್ನು ಅದಿದ್ದ ಹಾಗೆಯೇ ಚರ್ಚೆ ಪುಟದಲ್ಲಿ ಇಟ್ಟೆ. ತಟ್ಟೆಯ ಒಳ್ಳೆಯದನ್ನು ಒಂದಕ್ಷರ ಕಡಿಮೆ ಮಾಡಲಿಲ್ಲ, ಹಳ್ಳದ ಬಗ್ಗೆ ಒಂದಕ್ಷರ ಹೆಚ್ಚಿಸಲಿಲ್ಲ. ಕೆಳಗೆ ಬರೆದೆ: "ಈ ಸಂಸ್ಥೆಯಿಂದ ಇಂಥ ದಿನದಿಂದ ಇಂಥ ದಿನದವರೆಗೆ ಹಣ ಪಡೆದಿದ್ದೇನೆ. ಈಗ ಪಡೆಯುತ್ತಿಲ್ಲ. ನಾಲ್ಕನೇ ಭಾಗದ ಬಗ್ಗೆ ನಮ್ಮಲ್ಲಿ ಒಮ್ಮತ ಇರಲಿಲ್ಲ. ಸೇರಿಸುವುದೂ ಬಿಡುವುದೂ ನಿಮ್ಮದು."

ಹತ್ತೊಂಬತ್ತು ದಿನ ಯಾರೂ ಮುಟ್ಟಲಿಲ್ಲ. ನಾನು ಯಾರಿಗೂ ನೆನಪಿಸಲಿಲ್ಲ. ದಿನಚರಿಯಲ್ಲಿ ಹತ್ತೊಂಬತ್ತು ಗೆರೆ ಎಳೆದೆ. ಇಪ್ಪತ್ತನೇ ದಿನ, ನನ್ನ ಮುನ್ನೂರ ನಲವತ್ತನ್ನು ಬಿಚ್ಚಿ ನೋಡಿದ ಅದೇ ಸದಸ್ಯರು ಲೇಖನವನ್ನು ಸೇರಿಸಿದರು. ಹೊಗಳಿಕೆಯ ವಾಸನೆ ಇದೆ ಎಂದು ಮೊದಲ ಭಾಗದ ಎರಡು ವಾಕ್ಯ ಕಿತ್ತಿದ್ದರು. ಅವು ನನಗೆ ಪ್ರಿಯವಾದ ವಾಕ್ಯಗಳು, ಕಿತ್ತದ್ದು ಸರಿಯಾಗಿಯೇ ಇತ್ತು. ಹಳ್ಳದ ಎರಡು ವಾಕ್ಯ ಹಾಗೆಯೇ ನಿಂತಿದ್ದವು.

ಆ ವಾರವೇ ಹೊಸದಾಗಿ ತೆರೆದ ಯಾವುದೋ ಖಾತೆ ಅವನ್ನು ಅಳಿಸಿತು. ಯಾರೆಂದು ನನಗೆ ಗೊತ್ತಿಲ್ಲ, ಊಹೆಯನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಸದಸ್ಯರು ಮರಳಿ ಹಾಕಿದರು. ಮತ್ತೆ ಅಳಿಸಿತು, ಮತ್ತೆ ಹಾಕಿದರು. ಪ್ರತಿ ಸಲವೂ ನನ್ನ ಬೆರಳು ಮರಳಿ ಹಾಕುವ ಗುಂಡಿಯ ಮೇಲೆ ಹೋಗಿ ವಾಪಸ್ಸು ಬಂತು. ಒಂದು ಸಲ ಅಪ್ಪನ ಮೇಜಿನ ಮುಂದೆ ಕೂತೇ ನೋಡಿದೆ, ವಾಕ್ಯ ಕಣ್ಣೆದುರೇ ಮಾಯವಾಗಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಇವತ್ತಿನವರೆಗಿನ ಲೆಕ್ಕ: ಅಳಿಸಿದ್ದು ನಾಲ್ಕು, ಮರಳಿ ಬಂದದ್ದು ನಾಲ್ಕು, ಅದರಲ್ಲಿ ನಾನು ಹಾಕಿದ್ದು ಸೊನ್ನೆ. ನನ್ನ ದಿನಚರಿಯ ಇಷ್ಟು ವರ್ಷದ ಲೆಕ್ಕಗಳಲ್ಲಿ ನಾನು ತಲೆ ಎತ್ತಿ ತೋರಿಸಬಹುದಾದದ್ದು ಆ ಸೊನ್ನೆ.

ಈಗ ಮಳವಳ್ಳಿಯ ಕಡೆಯ ಒಂದು ಸಾವಯವ ಬೆಲ್ಲದ ಆಲೆಮನೆಯವರು ಕೆಲಸ ಕೊಟ್ಟಿದ್ದಾರೆ. ಅವರ ಹೆಸರೂ ನನ್ನ ಪುಟದ ಪಟ್ಟಿಯಲ್ಲಿದೆ. ನಾಲ್ಕು ದಿಕ್ಕೂ ಬರೆಯುತ್ತೇನೆ ಎಂದು ಮೊದಲೇ ಹೇಳಿದೆ. ಒಲೆಯ ಹೊಗೆಯನ್ನೂ ಬರೆಯುತ್ತೀಯಾ ಎಂದು ಕೇಳಿದರು. ಅಚ್ಚಾದ ಆಧಾರವಿದ್ದರೆ ಬರೆಯುತ್ತೇನೆ ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಅಪ್ಪನಿಗೆ ಸೋಮನಹಳ್ಳಿ ಕಡೆಯ ಪತ್ರಗಳು ಈ ವರ್ಷ ನಿಜಕ್ಕೂ ಕಡಿಮೆಯಾಗಿವೆ. ಎಷ್ಟು ಎಂದು ನನಗೆ ಗೊತ್ತು. ಅಪ್ಪ ಆ ಬಗ್ಗೆ ಒಂದು ದಿನವೂ ಮಾತೆತ್ತಿಲ್ಲ, ಹಾಗಾಗಿ ನಾನೂ ಆ ಲೆಕ್ಕ ಹೇಳುವುದಿಲ್ಲ.

ಪತ್ರವನ್ನು ಎರಡೂ ಕಡೆಯವರಿಗೆ ಓದಿ ಹೇಳಬೇಕು. ಒಂದು ಕಡೆಯವರಿಗೆ ಹೇಳುವುದು ಬಾಕಿ ಇತ್ತು. ಹೋದ ಭಾನುವಾರ ಸೋಮನಹಳ್ಳಿಯಲ್ಲಿ ಇಳಿದು, ಕಾರ್ಖಾನೆಯನ್ನು ಸುತ್ತಿಬಳಸಿ ಹಳ್ಳದ ಆಚೆ ದಡಕ್ಕೆ ಹೋದೆ. ಅವತ್ತು ಎಮ್ಮೆ ಹಿಡಿದು ನಿಂತಿದ್ದ ಆ ಅಮ್ಮ ಹುಲ್ಲು ಕೊಯ್ಯುತ್ತಿದ್ದರು. ಬದುವಿನ ಮೇಲೆ ಕೂತು ಫೋನಿನಲ್ಲಿ ಇಡೀ ಲೇಖನವನ್ನು ಅವರಿಗೆ ಓದಿದೆ, ಎರಡು ಸಲ. ಅವರು ಕುಡುಗೋಲು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಹಳ್ಳದ ಕಡೆ ನೋಡಿದರು. ಪೈಪು ಹಾಗೆಯೇ ಇತ್ತು, ನೊರೆಯೂ ಇತ್ತು. ತೊಟ್ಟಿ ಇನ್ನೂ ಆಗಿರಲಿಲ್ಲ. ಇದನ್ನು ಬರೆದವರು ಯಾರು ಅಂತ ಅದರಲ್ಲಿ ಎಲ್ಲಿದೆ ಎಂದು ಕೇಳಿದರು. ಚರ್ಚೆ ಪುಟಕ್ಕೆ ಹೋಗಿ, ಕರಡಿನ ಕೆಳಗಿನ ನನ್ನ ಹೆಸರನ್ನು ತೋರಿಸಿದೆ. ಹಣ ಪಡೆದಿದ್ದೆ ಎಂಬ ಸಾಲನ್ನೂ ಓದಿದೆ.

"ಅವ್ರ ತಾವ್ಲೇ ಕಾಸು ಇಸ್ಕೊಂಡು ಇದ ಬರ್ದ್ಯಾ?"

ಹೌದು ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ಅಂಗಾರೆ ಯಾರಾರಾ ಬಂದು ಕೇಳುದ್ರೆ ನಿನ್ ಮನೆ ತೋರುಸ್ತೀನಿ."

ತೋರಿಸಿ ಎಂದೆ. ನೋಂದಣಿ ಕಚೇರಿ ಎದುರು, ತಗಡಿನ ಮಾಡು, ಬೆಳಗ್ಗೆ ಹತ್ತರಿಂದ ಐದರವರೆಗೆ ಅಲ್ಲೇ ಇರುತ್ತೇನೆ ಎಂದೆ. ಅವರು ಕುಡುಗೋಲು ಎತ್ತಿಕೊಂಡು ಹುಲ್ಲಿಗೆ ಬಗ್ಗಿದರು. ಎಮ್ಮೆಗಳು ಮೇಲಿನ ಬೋರಿನ ಕಡೆ ಮುಖ ಮಾಡಿ ನಿಂತಿದ್ದವು.